ಡ್ರಮ್ಮು ಸೇರಿದ ಹಾಡು

ಬೆಳಗಾವಿಯ ಲಾಡ್ಜಿನ ಕೋಣೆಯಲ್ಲಿ ಜರ್ಮನಿಯ ಸಂಗೀತಗಾರ ವೆರ್ನರ್ ಟೇಪ್ ಹಚ್ಚಿದ. ಜಾಂಬೋಟಿಯ ಮಾಯವ್ವ ತೀರಿಹೋದ ಮಗಳ ಮೇಲೆ ಕಟ್ಟಿ ಹಾಡಿದ್ದ ಹಾಡನ್ನು ಅವಳ ದನಿಯಲ್ಲೇ ಮುದ್ರಿಸಿಕೊಂಡು ಹೋಗಿದ್ದ ಅವನು ತನ್ನ ದೇಶದಲ್ಲಿ ಅದಕ್ಕೆ ಡ್ರಮ್ಮು, ಗಿಟಾರು ಸೇರಿಸಿ ತಂದಿದ್ದ. ಮಾಯವ್ವ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದಳು.

ಹೇಗಿದೆ ಎಂದು ವೆರ್ನರ್ ಇಂಗ್ಲಿಷಿನಲ್ಲಿ ಕೇಳಿದ್ದನ್ನು ದುಭಾಷಿ ಕಾಂತಾ ಅವಳಿಗೆ ತಿಳಿಸಿದಳು.

“ಸತ್ತ ಮಗಳ ಮುಂದ ಕುಣಿದಂಗ ಆತವ್ವ,” ಎಂದಳು ಮಾಯವ್ವ ಮೆಲ್ಲಗೆ. “ಆದ್ರ ಚಲೋ ಐತಿ ಅಂತ ಹೇಳು. ಪಾಪ, ಅಷ್ಟು ದೂರದಿಂದ ಬಂದಾರ.”

ಕಾಂತಾ ಹಾಗೆಯೇ ಹೇಳಲು ಹೊರಟಿದ್ದಳು. ಅಷ್ಟರಲ್ಲಿ ಟೇಪಿನಲ್ಲಿ ಮಾಯವ್ವ “ಪದ್ಮೀ” ಎಂದು ಮಗಳನ್ನು ಕರೆದಳು. ಆ ಕರೆಯ ಮೇಲೆಯೇ ಡ್ರಮ್ಮು ಬಡಿಯಿತು. ಕಾಂತಾ ಟೇಪ್ ನಿಲ್ಲಿಸಿ, ಮಾಯವ್ವನ ಮೊದಲ ಮಾತನ್ನಷ್ಟೇ ಇಂಗ್ಲಿಷಿನಲ್ಲಿ ಹೇಳಿದಳು.

ವೆರ್ನರನ ಮುಖ ಬಾಡಿದ್ದನ್ನು ಕಂಡು ಮಾಯವ್ವ ಕಾಂತಾಳ ಕಡೆ ತಿರುಗಿದಳು. “ಚಲೋ ಐತಿ ಅಂತ ಹೇಳಲಿಲ್ಲೇನವ್ವ?”