ಹೊಸ್ತಿಲು ಹೋದ ಕಡೆ

ಜೋಳದ ಸುಗ್ಗಿ. ಅಂಗಳದಲ್ಲಿ ತೆನೆ ಬಡಿಯುತ್ತಿದ್ದ ಶಂಕ್ರವ್ವ ಕೋಲು ಬಿಟ್ಟು ಒಳಗೆ ಬಂದಳು. ಅತ್ತೆ ಎಡವಬಾರದೆಂದು ಗೌಂಡಿ ರಾಜೇಸಾಬ ಬಚ್ಚಲಿನ ಹೊಸ್ತಿಲು ಕಿತ್ತಿದ್ದ. ಕಿತ್ತ ಎತ್ತರ ಅದೇ ಮನೆಯಲ್ಲಿ ಇನ್ನೊಂದು ಕಡೆ ಏಳುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಎಲ್ಲಿ ಏಳಬೇಕೆಂದು ಹಿರಿಯರು ಹೇಳುವುದು ಪದ್ಧತಿ. ಹೋದ ವರ್ಷ ಪಡಸಾಲೆಯ ಮೆಟ್ಟಿಲು ತೆಗೆಸಿದಾಗ ಒಲೆಕಟ್ಟೆ ಶಂಕ್ರವ್ವನ ಎದೆಮಟ್ಟಕ್ಕೆ ಎದ್ದಿತ್ತು.

“ಈ ಸಲಾನೂ ನನ್ನ ಅಡಿಗಿಮನಿಗೇ ಏನ್ರಿ, ಅತ್ತಿ?”

“ಇಲ್ಲವಾ, ನಿನಗ್ಯಾಕ ತ್ರಾಸು? ನನ್ನ ಮಂಚದ ಕೆಳಗ ಹಾಕಿಸೀನಿ.”

ಮಂಚ ಗೇಣುದ್ದ ಮೇಲೆದ್ದಿತ್ತು. ಅದರ ಮೇಲೆ ಕೂತ ಮುದುಕಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

“ಇಳಿಯೋದು ಹ್ಯಾಂಗ?”

“ನೀ ಇದ್ದೀಯಲ್ಲ.”

ಹೊಸ್ತಿಲಿದ್ದಾಗ ದಾಟಿಸಲು ಬರೀ ಕೈ ಹಿಡಿದರೆ ಸಾಕಾಗುತ್ತಿತ್ತು. ಶಂಕ್ರವ್ವ ಸೆರಗು ಸಿಕ್ಕಿಸಿ ಅತ್ತೆಯನ್ನು ಎತ್ತಿ ಇಳಿಸಿದಳು.

“ನನ್ನ ಕೂಲಿ, ಯಕ್ಕಾ,” ಅಂದ ರಾಜೇಸಾಬ.

“ದಿನಾ ಇವರನ್ನ ಎತ್ತಿ ಇಳಿಸೋ ಕೂಲಿ ನನಗ ಬಂದಮ್ಯಾಲ ಬಾ.”