ಕೂಗದ ಗಂಟೆ

“ನಿಮ್ಮ ಗಂಟೇನೇ ಕೆಟ್ಟಿತ್ತು ತಾನೆ ಸಾರ್?”

ಆ-ಲ್ಯೆನ್ ಅಂದೂ ಅದನ್ನೇ ಕೇಳಿದಳು. ಕಾವೊಸ್ಯೂಂಗ್ ಬಂದರಿನ ಎದುರಿನ ತ್ಸೆಂಗ್‌ನ ಕಚೇರಿಗೆ ದಿನವೂ ಆಚೆ ದಡದ ಚೀಜಿನ್‌ನಿಂದ ದೋಣಿ ಹತ್ತಿ ಬರುತ್ತಿದ್ದಳು. ಒಣ ಮೀನಿನ ಅಂಗಡಿಯ ಏಪ್ರನ್ ಕೂಡ ಬಿಚ್ಚಿರುತ್ತಿರಲಿಲ್ಲ. ಮಗ ಹೇಗೆ ಸತ್ತ ಎಂದು ಅವಳು ಒಮ್ಮೆಯೂ ಕೇಳಿದವಳಲ್ಲ. ಕೇಳುತ್ತಿದ್ದುದು ಗಂಟೆಯ ಮಾತೊಂದೇ.

ಪರೀಕ್ಷೆ ಮಾಡದೆ ಏನೂ ಹೇಳಲಾರೆನೆಂದು ತ್ಸೆಂಗ್ ಪೋ-ಹಾನ್ ಎಂದಿನಂತೆ ಉತ್ತರಿಸಿದ.

ತ್ಸೆಂಗ್ ಹರೆಯವನ್ನೆಲ್ಲ ಹಡಗುಗಳ ಮೇಲೆ ಕಳೆದವನು. ಆಮೇಲೆ ದಡಕ್ಕೆ ಬಂದು ಕಂಪ್ಯೂಟರ್ ಕಲಿತ. ಕಡಲು ಬಲ್ಲವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಕಂಪ್ಯೂಟರ್ ಬಲ್ಲವರಿಗೆ ಕಡಲು ಗೊತ್ತಿಲ್ಲ. ಎರಡನ್ನೂ ಬಲ್ಲ ತ್ಸೆಂಗ್‌ನನ್ನು ಹಡಗು ಕಂಪನಿಗಳು ಸಲಹೆಗೆ ಕರೆಯುತ್ತಿದ್ದವು. ಅವನು ಮಾಡಿದ್ದರಲ್ಲೆಲ್ಲ ಅವನಿಗೆ ಮೆಚ್ಚಾದದ್ದು ಆ ಕಾವಲು ಗಂಟೆ. ಚುಕ್ಕಾಣಿ ಕೋಣೆಯ ಸೂರಿನಲ್ಲಿ ಒಂದು ಸೆನ್ಸರ್ ಕಣ್ಣು. ಪಾಳಿಯವನು ಅತ್ತಿತ್ತ ಓಡಾಡುತ್ತಿದ್ದರೆ ಅದು ಸುಮ್ಮನಿರುತ್ತದೆ. ಕೋಣೆಯಲ್ಲಿ ಏನೂ ಅಲುಗದೆ ಹೋದರೆ ಕೂಗಿಕೊಂಡು ಕ್ಯಾಪ್ಟನ್‌ನನ್ನು ಎಬ್ಬಿಸುತ್ತದೆ.

ಆ-ಲ್ಯೆನ್‌ಳ ಮಗ ಚೀ-ವೇಯ್ ಒಬ್ಬನೇ ಪಾಳಿಯಲ್ಲಿದ್ದಾಗ ಎದೆನೋವು ಬಂದು ಬಿದ್ದಿದ್ದ. ಹಡಗು ತನ್ನ ಪಾಡಿಗೆ ತಾನು ಸಾಗಿತ್ತು. ಗಂಟೆ ಕೂಗಲಿಲ್ಲ. ಪಾಳಿ ಬದಲಿಸಲು ಬಂದವನೇ ಮೊದಲು ಕಂಡದ್ದು. ಅಷ್ಟರಲ್ಲಿ ಮೈ ತಣ್ಣಗಾಗಿತ್ತು. ಬೇಗ ಯಾರಾದರೂ ನೋಡಿದ್ದರೆ ಉಳಿಯುತ್ತಿದ್ದನೇನೋ ಎಂದು ವೈದ್ಯರು ಹೇಳಿದರು. ಯಂತ್ರದ ನೆನಪಿನಲ್ಲಿ ಮಾತ್ರ ಅಷ್ಟು ಹೊತ್ತೂ ಅಲ್ಲಿ ಯಾರೋ ಓಡಾಡುತ್ತಲೇ ಇದ್ದರು.

ಕಂಪನಿಯ ಯಜಮಾನ ಫಾನ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಯಂತ್ರ ಸರಿಯಿತ್ತೆಂದು ತೋರಿಸಿದರೆ ಉಳಿದ ಹಡಗುಗಳ ಕೆಲಸವೂ ತ್ಸೆಂಗ್‌ನದೇ. ಇಲ್ಲವಾದರೆ ಈ ಬಂದರಿನಲ್ಲಿ ಅವನನ್ನು ಇನ್ನು ಯಾರೂ ಕರೆಯುವುದಿಲ್ಲ.

ಹಡಗು ನಾಳೆ ಬರುತ್ತದೆ, ಹತ್ತಿ ನೋಡುತ್ತೇನೆ ಎಂದು ತ್ಸೆಂಗ್ ಹೇಳಿದಾಗ ಆ-ಲ್ಯೆನ್‌ಳ ಮುಖ ಬಿಳಿಚಿಕೊಂಡಿತು.

“ಹಡಗಿಗೇ ಹೋಗ್ಬೇಕಾ ಸಾರ್? ಇಲ್ಲೇ ಕೂತು ನೋಡಿದ್ರೆ ಗೊತ್ತಾಗಲ್ವಾ?”

ಮಗ ಬಿದ್ದ ಜಾಗದ ಮಾತನ್ನೂ ತಾಯಿಗೆ ಸಹಿಸಲಾಗದು ಎಂದುಕೊಂಡು ಅವನು ತಲೆ ತಗ್ಗಿಸಿದ.

ಮರುದಿನ ಏಣಿ ಹತ್ತುವಾಗಲೇ ಕ್ಯಾಪ್ಟನ್ ಲೂ ಮೇಲಿನಿಂದ ಕಿಚಾಯಿಸಿದ. “ಬಾರಯ್ಯ. ಹಡಗಲ್ಲಿದ್ದಾಗ ನಮ್ಮ ಜೊತೆ ನೀನೂ ತೂಕಡಿಸ್ತಿದ್ದೆ. ದಡಕ್ಕೆ ಹೋಗಿ ನಮ್ಮ ನಿದ್ದೆಗೆ ಒಬ್ಬ ಶನಿಯನ್ನ ಮಾಡಿ ಕಳಿಸಿದೆ.” ಹೇಳಿದವನ ಮುಖದಲ್ಲಿ ನಗು ಇರಲಿಲ್ಲ.

ಚುಕ್ಕಾಣಿ ಕೋಣೆಯ ಮೂಲೆಯಲ್ಲಿ ಇಬ್ಬರೂ ಕಲ್ಲಿನಂತೆ ನಿಂತರು. ಹೊತ್ತು ಸರಿಯಿತು. ಗಂಟೆ ಕೂಗಲಿಲ್ಲ. ಕಣ್ಣಿನ ಪಕ್ಕದ ಹಸಿರು ದೀಪ ಯಾರೋ ನಡೆದಾಡುತ್ತಿದ್ದಾರೆಂಬಂತೆ ಮಿನುಗುತ್ತಲೇ ಇತ್ತು. ತ್ಸೆಂಗ್ ಕತ್ತೆತ್ತಿ ನೋಡಿದ.

ಸೂರಿನ ಕೊಂಡಿಯಿಂದ, ಸರಿಯಾಗಿ ಆ ಕಣ್ಣಿನ ಎದುರು, ಕೆಂಪು ಬಟ್ಟೆಯ ಪುಟ್ಟ ಚೀಲವೊಂದು ತೂಗುತ್ತಿತ್ತು. ಒಳಗೆ ಕಡಲತಾಯಿ ಮಾತ್ಸುವಿನ ಗುಡಿಯ ಧೂಪದ ಬೂದಿ. ಚೀಜಿನ್‌ನ ತಾಯಂದಿರು ಮಕ್ಕಳು ಕಡಲಿಗಿಳಿಯುವಾಗ ಕೊರಳಿಗೆ ಹಾಕಿ ಕಳಿಸುವ ರಕ್ಷೆ. ನೀರು ಮೆಲ್ಲನೆ ಉಸಿರಾಡಿದಂತೆಲ್ಲ ಅದೂ ಅತ್ತಿತ್ತ ಆಡುತ್ತಿತ್ತು.

“ಹುಡುಗ ಅದಕ್ಕೆ ಕೈ ಮುಗಿದೇ ಪಾಳಿಗೆ ನಿಲ್ತಿದ್ದ. ದೇವರದ್ದು ಅಂತ ನಾವ್ಯಾರೂ ಮುಟ್ಟಿಲ್ಲ” ಎಂದ ಲೂ. ಅಂದವನಿಗೆ ಆಗಲೇ ಅರ್ಥವಾಯಿತು. ಅವನು ಬಾಗಿಲ ಕಡೆಗೆ ತಿರುಗಿ ನಿಂತುಬಿಟ್ಟ.

ತ್ಸೆಂಗ್ ಚೀಲವನ್ನು ಬಿಚ್ಚಿಕೊಂಡ. ಮತ್ತೆ ಇಬ್ಬರೂ ಅಲುಗದೆ ನಿಂತರು. ಗಂಟೆ ಹಡಗೆಲ್ಲ ನಡುಗುವಂತೆ ಕೂಗಿತು.

ಯಂತ್ರ ಸರಿಯಾಗಿತ್ತು. ತ್ಸೆಂಗ್‌ನ ಕೆಲಸ ಉಳಿದಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವುದೆಂದರೆ ಒಬ್ಬ ತಾಯಿಯ ಎದುರು ನಿಂತು, ನೀನು ಕೊಟ್ಟ ರಕ್ಷೆಯೇ ನಿನ್ನ ಮಗನನ್ನು ಕಾಯಬೇಕಾದವರು ಏಳದಂತೆ ಮಾಡಿತು ಎನ್ನುವುದು. ಆಮೇಲೆ ಅವಳು ಯಾವ ಗುಡಿಯ ಮುಂದೆ ಹೋಗಿ ಅಳಬೇಕು?

ಯಾರಿಗೂ ಹೇಳುವುದಿಲ್ಲವೆಂದು ಲೂನಿಂದ ಮಾತು ಪಡೆದು ತ್ಸೆಂಗ್ ದೋಣಿ ದಾಟಿ ಮಾತ್ಸುವಿನ ಗುಡಿಗೆ ಹೋದ. ಮಂಡಿಯೂರಿ, ಒಂದು ಸುಳ್ಳಿಗೆ ಅಪ್ಪಣೆ ಕೊಡು ತಾಯಿ ಎಂದು ಬೇಡಿ, ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಟ್ಟ. ಒಂದು ಅಂಗಾತ, ಒಂದು ಬೋರಲು. ತಾಯಿ ಒಪ್ಪಿದ್ದಳು. ಚೀಲವನ್ನು ಧೂಪದ ಕುಂಡದ ಕೆಂಡಕ್ಕೆ ಹಾಕಿ, ಅದು ಬೂದಿಯೊಳಗೆ ಬೂದಿಯಾಗುವವರೆಗೆ ಕೈ ಮುಗಿದು ನಿಂತಿದ್ದ.

ಕಂಪನಿಯ ಸಭೆಯಲ್ಲಿ ಆ-ಲ್ಯೆನ್ ಕೊನೆಯ ಕುರ್ಚಿಯ ತುದಿಗೆ ಕುಳಿತಿದ್ದಳು. ತ್ಸೆಂಗ್ ಎದ್ದು ನಿಂತು, ಗಂಟೆ ಕೆಟ್ಟಿತ್ತು, ತಪ್ಪು ನನ್ನದು ಎಂದ. ಆ ಕಣ್ಣನ್ನು ನಂಬಬೇಡಿ, ಎಲ್ಲ ಹಡಗುಗಳಿಂದಲೂ ಇಂದೇ ಕಿತ್ತು ಹಾಕಿ, ಪಾಳಿಯವನು ಕೈಯಾರೆ ಒತ್ತುವ ಗುಂಡಿ ಇಡಿ ಎಂದ. ಅಷ್ಟು ಮಾತ್ರ ನಿಜವಾಗಿತ್ತು. ಫಾನ್ ಪೂರ್ತಿ ಕೇಳಿಸಿಕೊಂಡು, ಅವನ ಮುಖ ನೋಡದೆ ಎದ್ದುಹೋದ. ಇಷ್ಟು ವರ್ಷದ ಬಾಳು ಆ ಕುರ್ಚಿ ಹಿಂದೆ ಸರಿದ ಸದ್ದಿನೊಂದಿಗೆ ಮುಗಿಯಿತು.

ಹೊರಗೆ ಮೆಟ್ಟಿಲ ಮೇಲೆ ಆ-ಲ್ಯೆನ್ ಬಂದು ಎದುರು ನಿಂತಳು. ಶಾಪ ಹಾಕಲಿ, ಹೊಡೆಯಲಿ ಎಂದು ತ್ಸೆಂಗ್ ತಲೆಬಾಗಿದ. ಅವಳು ಅವನ ತೋಳನ್ನು ಮೆಲ್ಲನೆ ಹಿಡಿದಳು.

“ಚೀಲ ಎಲ್ಲಿಟ್ರಿ ಸಾರ್?”

ತ್ಸೆಂಗ್ ತಲೆಯೆತ್ತಿ ಅವಳನ್ನು ನೋಡಿದ.

“ಈ ಗಂಟೆ ಒಂದು ಗಳಿಗೆ ಕೂರಕ್ಕೂ ಬಿಡಲ್ಲಮ್ಮ ಅಂತ ಫೋನಲ್ಲಿ ಗೋಳಾಡ್ತಿದ್ದ. ಅದರ ಕಣ್ಣೆದುರಿಗೇ ಕಟ್ಟು ಮಗಾ, ಸ್ವಲ್ಪ ಹೊತ್ತು ಕೂತ್ಕೋ, ತಾಯಿ ನೋಡ್ಕೋತಾಳೆ ಅಂತ ಹೇಳಿದವಳು ನಾನೇ.”