ಗುರವ್ವಜ್ಜಿ ತೆಗೆದ ಹುಸಿ ದೃಷ್ಟಿ

ದೇವರ ದಯೆಯಿಂದ ಈಗ ಪುರಾವೆಯಿಲ್ಲದೆ ಯಾರ ಮನೆಯಲ್ಲೂ ಮದ್ದು ಕೊಡುವಂತಿಲ್ಲ, ದೃಷ್ಟಿ ತೆಗೆಯುವಂತಿಲ್ಲ. ಹತ್ತೊಂಬತ್ತು ದೇಶಗಳು ಕೂಡಿ ಮಾಡಿದ ನೇಮ ಅದು. ಒಂದು ಮಗುವಿಗೆ ಮಂತ್ರ ಹೇಳಿ ನಿಜವಾಗಿ ದೃಷ್ಟಿ ತೆಗೆದರೆ, ಬೇರೆ ದೇಶದ ಇನ್ನೊಂದು ಮಗುವಿಗೆ ಮಂತ್ರವಿಲ್ಲದೆ ಹುಸಿಯಾಗಿ ತೆಗೆದು, ಎರಡನ್ನೂ ಹೋಲಿಸಿ ನೋಡಬೇಕು.

ಗುರವ್ವಜ್ಜಿಯ ಮೊಮ್ಮಗು ಮುಂಜಾನೆಯಿಂದ ಹಾಲು ಮುಟ್ಟದೆ ಅಳುತ್ತಿತ್ತು. ಅರ್ಜಿ ಹಾಕಿದರು. ಗೋಡೆಯ ಪರದೆಯ ಮೇಲೆ ನಾರ್ವೆಯ ಡಾಕ್ಟರಮ್ಮ ಮೂಡಿ ಚೀಟಿ ಎತ್ತಿದಳು. ನಿಜದ್ದು ಹೀಗೆಯೇ ಅಳುತ್ತಿದ್ದ ಪೆರು ದೇಶದ ಕೂಸಿಗೆ ಹೋಯಿತು, ಹುಸಿ ಇವರಿಗೆ ಬಂತು. ಅಲ್ಲಿನ ಅಜ್ಜಿ ಕಾಗದ ನೋಡಿಕೊಂಡು ನಮ್ಮ ಮಂತ್ರವನ್ನು ತೊದಲತೊಡಗಿದಳು.

"ನಾವು ಮಂತ್ರ ಅನ್ನಂಗಿಲ್ಲೇನ್ರಿ?" ಸೊಸೆ ನೀಲವ್ವ ಕಣ್ಣೀರು ತಂದಳು. "ಅತ್ತಿ, ಕೂಸು ಹಾಲು ಕುಡೀವಲ್ದು!"

"ಸುಮ್ಮನಿರ. ನೇಮ ಅಂದ್ರ ನೇಮ."

ಗುರವ್ವಜ್ಜಿ ಉಪ್ಪು, ಮೆಣಸಿನಕಾಯಿ ಹಿಡಿದು, ತುಟಿ ಬಿಗಿದು, ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮಗು ಒಮ್ಮೆ ಬಿಕ್ಕಿತು, ಹೊಟ್ಟೆ ತುಂಬ ಹಾಲು ಕುಡಿದು ನಿದ್ದೆ ಹೋಯಿತು. ಪೆರುವಿನ ಕೂಸು ಇನ್ನೂ ಅಳುತ್ತಲೇ ಇತ್ತು.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದಳು. "ಅಜ್ಜಿ, ಮನಸ್ಸಿನಲ್ಲಿ ಮಂತ್ರ ಅಂದಿರಾ?"

"ದೇವರಾಣೆ ಇಲ್ಲರಿ. ನನ್ನ ಬಂಗಾರ, ನಿನ್ನ ಬ್ಯಾನಿ ನನಗ ಬರಲಿ ಅಂತ ಅಂದ್ಕೊಂಡೆ, ಅಷ್ಟ."

"ಅಯ್ಯೋ, ಹೋಲಿಕೆಯೇ ಕೆಟ್ಟಿತು!" ಎಂದು ಡಾಕ್ಟರಮ್ಮ ತಲೆಯ ಮೇಲೆ ಕೈ ಹೊತ್ತಳು.

ಮರುವಾರ ಹತ್ತೊಂಬತ್ತೂ ದೇಶಗಳ ಪತ್ರಿಕೆಗಳಲ್ಲಿ ಜಾಹೀರಾತು ಬಂತು: ಪರೀಕ್ಷೆಗಾಗಿ, ಮೊಮ್ಮಗುವಿನ ಮೇಲೆ ಮಮತೆಯಿಲ್ಲದ ಅಜ್ಜಿಯೊಬ್ಬಳು ಬೇಕಾಗಿದ್ದಾಳೆ.

ಏಳು ವರ್ಷವಾಯಿತು. ಇನ್ನೂ ಒಂದು ಅರ್ಜಿಯೂ ಬಂದಿಲ್ಲವಂತೆ.